ಸೊಳ್ಳೆಯ ಹೊಗೆ, ಗುಬ್ಬಿಯ ಊಟ

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಓದು ಕಲಿತ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ನಾವು ಸೊಳ್ಳೆಯ ಬಗ್ಗೆ ಮಾತಾಡೋಣ. "ಸೊಳ್ಳಿ ಬಗ್ಗೆ ಮಾತಾಡೋದೇನೈತ್ರಿ, ಕಂಡಕೂಡಲೇ ಹೊಡಿಯೋದು" ಅಂತೀರಿ. ಖರೇ ಮಾತು. ಕೈಯಿಂದ ಹೊಡೆದರೆ ಒಂದು ಸೊಳ್ಳೆ ಸಾಯುತ್ತದೆ. ಬೇರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ಮಷೀನು ಹಚ್ಚಿ ಹೊಡೆದರೆ? ಆಗ ಸಾಯುವವರು ಯಾರ್‍ಯಾರು? ಉಳಿಯುವವರು ಯಾರು? ಇದನ್ನು ನೋಡೋಣ.

ಮಳೆಗಾಲ ಶುರುವಾಯಿತು ಅಂದರೆ ಓಣಿಯಲ್ಲಿ ಯಾರಿಗಾದರೂ ಡೆಂಗಿ ಜ್ವರ ಬಂತು ಅಂತ ಸುದ್ದಿ ಬರುತ್ತದೆ. ಆಮೇಲೆ ಹೊಗೆಯ ಮಷೀನು ಬರುತ್ತದೆ. ಬುರ್‍ರ್ ಅಂತ ಸದ್ದು. ಬಿಳಿ ಹೊಗೆ ಓಣಿ ತುಂಬ. ಹುಡುಗರು ಹೊಗೆಯ ಹಿಂದೆ ಓಡುತ್ತಾರೆ. ನಾವು ಬಾಗಿಲಲ್ಲಿ ನಿಂತು, "ನಮ್ಮ ಮನಿ ಕಡೆನೂ ಹೊಡೀರೆಪ್ಪಾ" ಅಂತೀವಿ. ಹೊಗೆ ಕಂಡರೆ ನಮಗೆ ಧೈರ್ಯ. ಪಂಚಾಯತಿಯವರು ಕೆಲಸ ಮಾಡಿದರು ಅನ್ನೋ ಸಮಾಧಾನ.

ಆ ಹೊಗೆಯಲ್ಲಿ ಏನಿದೆ? ಡೀಸೆಲ್ ಇಲ್ಲವೇ ಸೀಮೆಎಣ್ಣೆ ಇದೆ. ಅದರಲ್ಲಿ ಕಲಸಿದ ಕೀಟನಾಶಕ ಇದೆ. ಮೆಲಾಥಿಯಾನ್ ಅನ್ನೋದು ಒಂದು. ಪೈರೆಥ್ರಮ್ ಅನ್ನೋದು ಇನ್ನೊಂದು. ಪೈರೆಥ್ರಮ್ ಅನ್ನು ಸೇವಂತಿಗೆ ಜಾತಿಯ ಒಂದು ಹೂವಿನಿಂದ ತೆಗೆಯುತ್ತಾರೆ. ಹೂವಿನದು ಅಂದಮಾತ್ರಕ್ಕೆ ಹುಳಗಳಿಗೆ ಅದು ಅಮೃತ ಅಲ್ಲ.

ಈ ಹೊಗೆ ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ. ಅದೂ ಹೊಗೆ ತಾಗಿದರೆ ಮಾತ್ರ. ನೀರಿನೊಳಗೆ ಇರುವ ಸೊಳ್ಳೆಮರಿಗೆ ಏನೂ ಆಗುವುದಿಲ್ಲ. ಸೊಳ್ಳೆಮರಿ ಅಂದರೆ ಯಾವುದು? ನೀರಿನಲ್ಲಿ ಕೊಂಕುತ್ತಾ ಕೊಂಕುತ್ತಾ ಓಡಾಡುವ ಸಣ್ಣ ಹುಳ. ನೀವೆಲ್ಲ ನೋಡೀರಿ. ತತ್ತಿಯಿಂದ ಮರಿ, ಮರಿಯಿಂದ ಹಾರುವ ಸೊಳ್ಳೆ. ಇಷ್ಟಕ್ಕೆ ನಮ್ಮ ಬಿಸಿಲಿನಲ್ಲಿ ಎಂಟು ಹತ್ತು ದಿನ ಸಾಕು. ಇವತ್ತು ಹೊಗೆ ಹೊಡೆದರು ಅನ್ನಿ. ನಾಳೆ ಬೆಳಿಗ್ಗೆ ಬ್ಯಾರಲ್‌ನಿಂದ ಹೊಸ ಸೊಳ್ಳೆ ಎದ್ದು ಬರುತ್ತದೆ. ಹೊಗೆಯ ವಾಸನೆ ಹೋಗುವ ಮೊದಲೇ ಬರುತ್ತದೆ.

ಈಗ ಇನ್ನೊಂದು ಲೆಕ್ಕ ಮಾಡೋಣ. ಹೊಗೆ ಬರೀ ಸೊಳ್ಳೆಯನ್ನು ಆರಿಸಿ ಕೊಲ್ಲುವುದಿಲ್ಲ. ಅದಕ್ಕೆ ಕಣ್ಣಿಲ್ಲ. ಜೇನು, ಚಿಟ್ಟೆ, ಜೇಡ, ಹುಡುಗರು ಏರೋಪ್ಲೇನ್ ಚಿಟ್ಟೆ ಅನ್ನುವ ಉದ್ದ ಬಾಲದ ಹುಳ, ಯಾರು ಸಿಕ್ಕರೂ ಅದಕ್ಕೆ ಒಂದೇ. ಈ ಏರೋಪ್ಲೇನ್ ಚಿಟ್ಟೆ ಸೊಳ್ಳೆಯನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತದೆ. ಅದರ ಮರಿ ನೀರಿನಲ್ಲಿ ಇದ್ದು ಸೊಳ್ಳೆಮರಿಯನ್ನು ತಿನ್ನುತ್ತದೆ. ಜೇಡ ಬಲೆ ಹಾಕಿ ಹಿಡಿಯುತ್ತದೆ. ಆದರೆ ಇವು ಹತ್ತು ದಿನದಲ್ಲಿ ಬೆಳೆಯುವ ಜೀವಗಳಲ್ಲ. ಏರೋಪ್ಲೇನ್ ಚಿಟ್ಟೆಗೆ ತಿಂಗಳುಗಟ್ಟಲೆ ಬೇಕು. ಹಾಗಾದರೆ ಹೊಗೆ ಹೊಡೆದ ಮೇಲೆ ಮೊದಲು ತಿರುಗಿ ಬರುವವರು ಯಾರು? ಸೊಳ್ಳೆ. ಅದನ್ನು ತಿನ್ನುವವರು ಬರುವುದು ತಡ.

ಹತ್ತಿ ಬೆಳೆಯುವ ಸವದತ್ತಿ, ಬೈಲಹೊಂಗಲದ ಅಕ್ಕಂದಿರಿಗೆ ಇದು ಹೊಸ ಮಾತಲ್ಲ. ಹತ್ತಿಗೆ ಎಣ್ಣಿ ಹೊಡೆದದ್ದು ನೆನಪಿದೆಯಲ್ಲ? ಮೊದಲು ಎರಡು ಸಲ ಹೊಡೆದರೆ ಸಾಕಾಗುತ್ತಿತ್ತು. ಆಮೇಲೆ ನಾಲ್ಕು. ಆಮೇಲೆ ಎಂಟು. ಹುಳ ಬಗ್ಗಲಿಲ್ಲ. ಸಾಲ ಬೆಳೆಯಿತು. ಸೊಳ್ಳೆಯದೂ ಅದೇ ಕಥೆ.

ಆ ಕಥೆ ನಮ್ಮ ನೆರೆಯಲ್ಲೇ ಶುರುವಾಯಿತು. 1946ರಲ್ಲಿ, ಅಂದರೆ ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ನಮ್ಮ ಬಹಳಷ್ಟು ಊರುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಆಗ ಮಲೇರಿಯಾ ಅಂದರೆ ಚಳಿಜ್ವರ ಊರೂರು ಮಲಗಿಸುತ್ತಿತ್ತು. ಡಾ. ಡಿ. ಕೆ. ವಿಶ್ವನಾಥನ್ ಅನ್ನುವ ಡಾಕ್ಟರು ಪಕ್ಕದ ಧಾರವಾಡ ಜಿಲ್ಲೆಯ ಮತ್ತು ಕಾರವಾರದ ಕಡೆಯ ಹಳ್ಳಿಗಳಲ್ಲಿ ಮನೆಯ ಒಳಗೋಡೆಗೆ ಡಿಡಿಟಿ ಹೊಡೆಸಿದರು. ದೇಶದಲ್ಲಿ ಹಳ್ಳಿಗಳಿಗೆ ಇಷ್ಟು ದೊಡ್ಡದಾಗಿ ಡಿಡಿಟಿ ಹೊಡೆದದ್ದರಲ್ಲಿ ಇದು ಮೊದಲ ಸಾಲಿನದು. ಜ್ವರ ಇಳಿಯಿತು. ಸುಳ್ಳಲ್ಲ, ಬಹಳ ಜೀವ ಉಳಿದವು.

1953ರಲ್ಲಿ ಇಡೀ ದೇಶಕ್ಕೆ ಈ ಕೆಲಸ ಹಬ್ಬಿತು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಅಂತ ಅಂದಾಜು. 1965ರ ಹೊತ್ತಿಗೆ ಒಂದು ಲಕ್ಷ ಜನಕ್ಕೆ ಇಳಿಯಿತು. ಗೆದ್ದೆವು ಅಂದುಕೊಂಡರು. 1976ರಲ್ಲಿ ನೋಡಿದರೆ ಮತ್ತೆ 64 ಲಕ್ಷ!

ಹೀಗೇಕಾಯಿತು? ಕಾರಣ ಹಲವು. ಗೆದ್ದೆವು ಅಂತ ಕೆಲಸ ಸಡಿಲ ಮಾಡಿದ್ದು ಒಂದು. ಸೊಳ್ಳೆ ಗಟ್ಟಿಯಾದದ್ದು ಇನ್ನೊಂದು. ನಾವು ಬೀಜಕ್ಕೆ ಅಂತ ಜೋಳದ ಗಟ್ಟಿ ತೆನೆ ಆರಿಸಿ ಇಡುತ್ತೇವೆ. ಮುಂದಿನ ವರ್ಷ ಗಟ್ಟಿ ಪೈರೇ ಬರುತ್ತದೆ. ಡಿಡಿಟಿಯೂ ಹಾಗೇ ಮಾಡಿತು. ಮೆತ್ತಗಿನ ಸೊಳ್ಳೆ ಸತ್ತವು. ವಿಷ ತಾಳಿಕೊಂಡ ಒಂದೆರಡು ಗಟ್ಟಿ ಸೊಳ್ಳೆ ಉಳಿದವು. ಅವೇ ಬೀಜವಾದವು. ನಾವೇ ಆರಿಸಿ ಬಿತ್ತಿದ ಹಾಗಾಯಿತು.

ಡಿಡಿಟಿಗೆ ಇನ್ನೊಂದು ಕೆಟ್ಟ ಗುಣ ಇತ್ತು. ಅದು ಬೇಗ ಕರಗಿ ಹೋಗುವುದಿಲ್ಲ. ವರ್ಷಗಟ್ಟಲೆ ಮಣ್ಣಿನಲ್ಲಿ, ಕೊಬ್ಬಿನಲ್ಲಿ ಕೂತಿರುತ್ತದೆ. ಹುಳದ ಮೈಯಲ್ಲಿ ಚೂರು. ಅಂಥ ನೂರು ಹುಳ ತಿಂದ ಸಣ್ಣ ಹಕ್ಕಿಯಲ್ಲಿ ಹೆಚ್ಚು. ಆ ಹಕ್ಕಿಗಳನ್ನು ತಿಂದ ಗಿಡುಗದಲ್ಲಿ ಇನ್ನೂ ಹೆಚ್ಚು. ಅಮೆರಿಕ, ಇಂಗ್ಲೆಂಡಿನಲ್ಲಿ ಗಿಡುಗ, ಹದ್ದುಗಳ ತತ್ತಿಯ ಸಿಪ್ಪೆ ತೆಳ್ಳಗಾಯಿತು. ತಾಯಿ ಕಾವಿಗೆ ಕೂತರೆ ತತ್ತಿ ಅವಳ ಭಾರಕ್ಕೇ ಒಡೆಯಿತು. ಎಂಥ ಸಂಕಟ ನೋಡಿ. ಇದು ಮನೆಗೋಡೆಗೆ ಹೊಡೆದದ್ದರಿಂದ ಆಗಿದ್ದಕ್ಕಿಂತ ಹೊಲಕ್ಕೆ, ಕಾಡಿಗೆ ವಿಮಾನದಿಂದ ಸುರಿದದ್ದರಿಂದ ಆದದ್ದು ಹೆಚ್ಚು. ರೇಚೆಲ್ ಕಾರ್ಸನ್ ಅನ್ನುವ ಒಬ್ಬ ಹೆಣ್ಣುಮಗಳು 1962ರಲ್ಲಿ ಇದರ ಮೇಲೆ ಪುಸ್ತಕ ಬರೆದಳು. ಔಷಧಿ ಕಂಪನಿಯವರು ಅವಳನ್ನು ಹೀಯಾಳಿಸಿದರು. ಹೆಂಗಸಿಗೇನು ತಿಳಿಯುತ್ತದೆ ಅಂದರು. ಹತ್ತು ವರ್ಷಕ್ಕೆ, 1972ರಲ್ಲಿ, ಅಮೆರಿಕದಲ್ಲಿ ಡಿಡಿಟಿ ನಿಂತಿತು. ನಮ್ಮಲ್ಲಿ 1989ರಲ್ಲಿ ಹೊಲಕ್ಕೆ ಡಿಡಿಟಿ ಹೊಡೆಯುವುದನ್ನು ನಿಲ್ಲಿಸಿದರು.

ಈಗ ಓಣಿಗೆ ಬರುವ ಹೊಗೆಯಲ್ಲಿ ಡಿಡಿಟಿ ಇಲ್ಲ. ಈಗಿನ ಔಷಧಿ ಬೇಗ ಕರಗುತ್ತದೆ. ಹಕ್ಕಿಯನ್ನು ನೇರವಾಗಿ ಕೊಲ್ಲುವುದು ಕಡಿಮೆ. ಹಾಗಾದರೆ ಹಕ್ಕಿಗೆ ಏನು ತೊಂದರೆ?

ತೊಂದರೆ ಊಟದ್ದು. ಗುಬ್ಬಿ ಏನು ತಿನ್ನುತ್ತದೆ ಅಂತ ಕೇಳಿದರೆ ಎಲ್ಲರೂ ಕಾಳು ಅಂತೀರಿ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ಹೌದು. ಆದರೆ ಅದರ ಮರಿಗೆ ಕಾಳು ಅರಗುವುದಿಲ್ಲ. ನಮ್ಮ ಕೂಸಿಗೆ ರೊಟ್ಟಿ ಕೊಡುತ್ತೇವೆಯೇ? ಇಲ್ಲ. ಗುಬ್ಬಿಯೂ ಹಾಗೇ. ಜಂತಿಯ ಗೂಡಿನಲ್ಲಿ ಬಾಯಿ ತೆರೆದು ಕೂತ ಮರಿಗೆ ಅದು ಮೆತ್ತಗಿನ ಹುಳ ತಂದು ಹಾಕುತ್ತದೆ. ದಿನವಿಡೀ ಹಾಕುತ್ತದೆ. ಹುಳ ಇಲ್ಲದಿದ್ದರೆ ಮರಿ ಬೆಳೆಯುವುದಿಲ್ಲ. ಗುಬ್ಬಿ ಕಡಿಮೆಯಾಗಲು ಹೊಗೆ ಒಂದೇ ಕಾರಣ ಅಂತ ನಾವು ಹೇಳುವುದಿಲ್ಲ. ಜಂತಿ ಮನೆ ಹೋಗಿ ಸ್ಲಾಬಿನ ಮನೆ ಬಂದವು. ಗೂಡಿಗೆ ಜಾಗ ಹೋಯಿತು. ಹೊಲದಲ್ಲೂ ಎಣ್ಣಿ. ಎಲ್ಲ ಸೇರಿ ಆದದ್ದು.

ಎಮ್ಮೆಯ ಬೆನ್ನ ಮೇಲೆ, ಕರೆಂಟಿನ ತಂತಿಯ ಮೇಲೆ ಕೂರುವ ಸೀಳುಬಾಲದ ಕರಿ ಹಕ್ಕಿ ಇದೆಯಲ್ಲ, ಕಾಜಾಣ, ಅದರ ಊಟವೂ ಹಾರುವ ಹುಳವೇ. ಸಂಜೆ ಗುಡಿಯ ಸುತ್ತ ಸುಯ್ ಅಂತ ಹಾರುವ ಅಂಬರಗುಬ್ಬಿಯದೂ ಅದೇ. ನವಿಲಿಗೂ ಕಾಳಿನ ಜೊತೆ ಹುಳ ಬೇಕು. ನಮ್ಮ ಮಲಪ್ರಭೆಯ ಅಣೆಕಟ್ಟಿನ ಹೆಸರೇ ನವಿಲುತೀರ್ಥ. ಹೆಸರಿನಲ್ಲಿ ಇದ್ದರೆ ಸಾಲದು, ಹೊಲದಲ್ಲೂ ಇರಬೇಕಲ್ಲ!

ಫ್ರಾನ್ಸ್ ದೇಶದಲ್ಲಿ ಕಮಾರ್ಗ್ ಅನ್ನುವ ಜವುಳು ಪ್ರದೇಶ ಇದೆ. ಅಲ್ಲಿ ಸೊಳ್ಳೆಮರಿಯನ್ನು ಮಾತ್ರ ಕೊಲ್ಲುವ, ಬೇರೆ ಜೀವಕ್ಕೆ ವಿಷವಲ್ಲ ಅನ್ನುವ ಒಂದು ಸೂಕ್ಷ್ಮಜೀವಿಯ ಔಷಧಿಯನ್ನು ನೀರಿಗೆ ಹಾಕಿದರು. ಅದು ಹಕ್ಕಿಯನ್ನು ಕೊಲ್ಲಲಿಲ್ಲ. ಆದರೆ ಅಲ್ಲಿನ ಅಂಬರಗುಬ್ಬಿಯಂಥ ಹಕ್ಕಿಗಳ ಗೂಡು ಎಣಿಸಿ ನೋಡಿದರು. ಔಷಧಿ ಹಾಕದ ಕಡೆ ಗೂಡಿಗೆ ಮೂರು ಮರಿ ಹಾರಿದವು. ಹಾಕಿದ ಕಡೆ ಎರಡರ ಲೆಕ್ಕ. ಒಳ್ಳೆಯ ಔಷಧಿಯೂ ಅಳತೆ ಮೀರಿ ಸುರಿದರೆ ಯಾರದೋ ತಟ್ಟೆ ಖಾಲಿಯಾಗುತ್ತದೆ.

ಇನ್ನು ಜೇನಿನ ಮಾತು. ಇದು ನಮ್ಮ ಗಂಟಿಗೇ ಬರುವ ಮಾತು. ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಬೆಳೆದವರು ಹೇಳಿ. ತೆನೆ ದೊಡ್ಡದು ಇರುತ್ತದೆ, ಒಳಗೆ ಜೊಳ್ಳು. ಯಾಕೆ? ಜೇನು ಬಂದು ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸದಿದ್ದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ. ಕುಂಬಳ, ಹೀರೆ, ಸವತೆಯದೂ ಹಾಗೇ.

2016ರ ಆಗಸ್ಟ್ 28ರಂದು ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿ ಹೀಗಾಯಿತು. ಝೀಕಾ ಅನ್ನುವ ರೋಗದ ಭಯಕ್ಕೆ ಬೆಳಿಗ್ಗೆ ವಿಮಾನದಿಂದ ಸೊಳ್ಳೆ ಔಷಧಿ ಸಿಂಪಡಿಸಿದರು. ಜೇನು ಸಾಕಿದ ಕೆಲವರಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಬೆಳಿಗ್ಗೆ ಜೇನು ಹೂವಿಗೆ ಹೊರಟ ಹೊತ್ತು. ಒಂದೇ ತೋಟದಲ್ಲಿ 46 ಪೆಟ್ಟಿಗೆ, ಸುಮಾರು 25 ಲಕ್ಷ ಜೇನು ಸತ್ತವು. ಮೊದಲೇ ಹೇಳಿದ್ದರೆ ಪೆಟ್ಟಿಗೆ ಮುಚ್ಚಿಕೊಳ್ಳುತ್ತಿದ್ದರು. ಹೊತ್ತು ನೋಡಿ ಹೊಡೆದಿದ್ದರೂ ಇಷ್ಟಾಗುತ್ತಿರಲಿಲ್ಲ.

ಸಂಜೆ ಹೊಡೆದರೆ ಜೇನು ಗೂಡಿಗೆ ಹೋಗಿರುತ್ತದೆ, ಅಷ್ಟು ಸಾಯುವುದಿಲ್ಲ. ಆದರೆ ಹೆಜ್ಜೇನಿಗೆ ಪೆಟ್ಟಿಗೆಯೂ ಇಲ್ಲ, ಪೊಟರೆಯೂ ಇಲ್ಲ. ಆಲದ ಮರಕ್ಕೋ, ನೀರಿನ ಟಾಕಿಗೋ, ಗುಡಿಯ ಗೋಪುರಕ್ಕೋ ಬಯಲಲ್ಲೇ ತೂಗುತ್ತಿರುತ್ತದೆ. ಅದರ ಕೆಳಗೆ ಹೊಗೆ ಬಿಡಬಾರದು. ಜೇನೂ ಸಾಯುತ್ತದೆ. ಉಳಿದವು ಎದ್ದರೆ ಮಷೀನು ಹಿಡಿದವರನ್ನೂ ಬಿಡುವುದಿಲ್ಲ.

ಹಂಗಾದ್ರ ಹೊಗೆ ಬ್ಯಾಡೇ ಬ್ಯಾಡ ಅಂತೀರೇನು ಅಂತ ಕೇಳಬಹುದು. ಹಾಗೆ ಹೇಳುವುದಿಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಬಂದದ್ದು ನಿಮಗೆ ನೆನಪಿರಬೇಕು. ಕೀಲು ಹಿಡಿದು ಎದ್ದು ನಿಲ್ಲಲಾರದೆ, ಗೋಡೆ ಹಿಡಿದು ನಡೆದವರು ಎಷ್ಟು ಮಂದಿ! ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಬಂದಿರಬಹುದು ಅಂತ ಲೆಕ್ಕ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳು ಬಹಳ ನರಳಿದವು. ಓಣಿಯಲ್ಲಿ ಜ್ವರ ಕಾಣಿಸಿಕೊಂಡಾಗ, ಜ್ವರದವರನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರನ್ನು ಕಚ್ಚುವ ಮೊದಲು ಅದನ್ನು ಕೊಲ್ಲಬೇಕು. ಆಗ ಆ ಓಣಿಗೆ, ಅದರ ಸುತ್ತಿನ ಮನೆಗಳಿಗೆ ಹೊಗೆ ಬೇಕು. ಜ್ವರವೇ ಇಲ್ಲದ ಊರಿಗೆ, ಮೆಂಬರು ಹೇಳಿದರು ಅಂತ ವಾರವಾರ ಹೊಗೆ ಹೊಡೆಯುವುದು ಡೀಸೆಲ್ಲಿನ ದಂಡ.

ಹಾಗಾದರೆ ದಿನನಿತ್ಯ ಮಾಡುವುದೇನು? ಸೊಳ್ಳೆ ಹುಟ್ಟುವ ಜಾಗ ಹಿಡಿಯಬೇಕು. ಡೆಂಗಿ, ಚಿಕೂನ್‌ಗುನ್ಯಾ ತರುವ ಸೊಳ್ಳೆಯ ಕಾಲ ಮೇಲೆ ಬಿಳಿ ಪಟ್ಟೆ ಇರುತ್ತದೆ. ಅದು ಹಗಲು ಕಚ್ಚುತ್ತದೆ. ರಾಮದುರ್ಗದಲ್ಲಿ ಕುಣಿಮಗ್ಗದ ಮೇಲೆ ಕೂತ ಅಕ್ಕಂದಿರಿಗೆ ಗೊತ್ತು. ಕಾಲು ಕುಣಿಯಲ್ಲಿ, ಕತ್ತಲು, ಕೈ ಬಿಡುವಿಲ್ಲ. ಅದಕ್ಕೆ ಅಂಥ ಜಾಗವೇ ಬೇಕು. ಇದು ಗಟಾರದಲ್ಲಿ ಹುಟ್ಟುವ ಸೊಳ್ಳೆ ಅಲ್ಲ. ನಾವು ಕುಡಿಯಲು, ಬಳಸಲು ತುಂಬಿಟ್ಟ ತಿಳಿ ನೀರಿನಲ್ಲೇ ಹುಟ್ಟುತ್ತದೆ. ಒಂದೆರಡು ನೂರು ಮೀಟರು ದಾಟಿ ಹಾರುವುದು ಅಪರೂಪ. ಅಂದರೆ ನಮ್ಮನ್ನು ಕಚ್ಚುವುದು ನಮ್ಮ ಓಣಿಯದೇ ಸೊಳ್ಳೆ. ಕಪ್ಪೆ, ಹಕ್ಕಿ ನಮ್ಮ ಅಡುಗೆಮನೆಯ ಬ್ಯಾರಲ್‌ಗೆ ಬರುವುದಿಲ್ಲ. ಅಲ್ಲಿ ನಾವೇ ಬೇಕು.

ನಳದ ನೀರು ದಿನಾ ಬಾರದ ಊರಲ್ಲಿ ಬ್ಯಾರಲ್ ತುಂಬದೆ ಗತಿಯಿಲ್ಲ. ನೀರು ತುಂಬಿಡಬೇಡಿ ಅಂತ ಹೇಳುವವರು ಕೊಡ ಹೊತ್ತವರಲ್ಲ. ತುಂಬಿಡಿ. ಆದರೆ ಬಿಗಿಯಾಗಿ ಮುಚ್ಚಿ. ಮುಚ್ಚಳ ಇಲ್ಲದಿದ್ದರೆ ಹಳೆಯ ಸೀರೆಯನ್ನು ಎರಡು ಪದರ ಮಾಡಿ ಹಗ್ಗದಿಂದ ಕಟ್ಟಿ. ವಾರಕ್ಕೆ ಒಂದು ದಿನ ಎಲ್ಲ ಖಾಲಿ ಮಾಡಿ. ಇಲ್ಲಿ ಒಂದು ಗುಟ್ಟು ಇದೆ. ಬರೀ ನೀರು ಚೆಲ್ಲಿದರೆ ಸಾಲದು. ಈ ಸೊಳ್ಳೆ ತತ್ತಿಯನ್ನು ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ತತ್ತಿ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಬಿದ್ದ ಕೂಡಲೇ ಮರಿ. ಅದಕ್ಕೆ ಬೂದಿ, ತೆಂಗಿನ ನಾರು ಹಾಕಿ ಒಳಗೋಡೆಯನ್ನು ಗಸಗಸ ತಿಕ್ಕಬೇಕು. ಆಮೇಲೆ ಬಿಸಿಲಿಗೆ ಬೋರಲು ಹಾಕಬೇಕು. ಎಲ್ಲ ಮನೆಯವರೂ ಒಂದೇ ದಿನ ಮಾಡಿದರೆ ಚೆಂದ. ಗಂಡಸರೂ ತಿಕ್ಕಲಿ. ಬ್ಯಾರಲ್ ತಿಕ್ಕಿದರೆ ಮೀಸೆ ಉದುರುವುದಿಲ್ಲ.

ಹಿತ್ತಲಿನ ಟೈರು, ಒಡೆದ ಗಡಿಗೆ, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ, ಫ್ರಿಜ್ ಹಿಂದಿನ ತಟ್ಟೆ, ಇವನ್ನೂ ನೋಡಿ. ಎಲ್ಲಮ್ಮನ ಗುಡ್ಡದ ಜಾತ್ರೆ ಮುಗಿದ ಮೇಲೆ ಬಿದ್ದ ಚಿಪ್ಪು, ಲೋಟ ಎಷ್ಟು! ಮೊದಲ ಮಳೆಗೆ ಅವೆಲ್ಲ ಸೊಳ್ಳೆಯ ತೊಟ್ಟಿಲು. ಬಚ್ಚಲ ನೀರಿಗೆ ಇಂಗುಗುಂಡಿ ತೋಡಿಸಿ, ಇಲ್ಲವೇ ಬಾಳೆಗಿಡಕ್ಕೆ ಬಿಡಿ.

ಬಾವಿ, ದನ ಕುಡಿಯುವ ದೊಡ್ಡ ಬಾನಿ, ಇವನ್ನು ವಾರವಾರ ಖಾಲಿ ಮಾಡಲು ಆಗುವುದಿಲ್ಲ. ಅಲ್ಲಿಗೆ ಗಪ್ಪಿ ಮೀನು ಬಿಡಬಹುದು. ಬೆರಳಿನ ಗೆಣ್ಣಿನಷ್ಟು ಮೀನು, ಸೊಳ್ಳೆಮರಿ ಅಂದರೆ ಅದಕ್ಕೆ ಹಬ್ಬ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದವರು ಬಾವಿಗಳಿಗೆ ಗಪ್ಪಿ, ಕೆರೆಕುಂಟೆಗಳಿಗೆ ಗ್ಯಾಂಬೂಸಿಯಾ ಅನ್ನುವ ಮೀನು ಬಿಟ್ಟರು. ಮಲೇರಿಯಾ ತರುವ ಸೊಳ್ಳೆ ಅಲ್ಲಿ ಬಾವಿಗಳಲ್ಲೇ ಹೆಚ್ಚು ಹುಟ್ಟುತ್ತಿತ್ತು. ಸೊಳ್ಳೆ ಇಳಿಯಿತು, ಜ್ವರವೂ ಇಳಿಯಿತು. 2001ರಲ್ಲಿ ನಮ್ಮ ರಾಜ್ಯದಲ್ಲೇ ಮಲೇರಿಯಾ ಇದ್ದ ಒಂದು ಜಿಲ್ಲೆಯಲ್ಲಿ ಎರಡು ವಾರ ಸಂಜೆ ಹೊತ್ತು ಕಲಾಜಾಥಾ ಮಾಡಿ ಹಾಡು, ನಾಟಕದಲ್ಲಿ ಈ ಮೀನಿನ ಕಥೆ ಹೇಳಿದರು. 30 ಕಲಾವಿದರು ಕುಣಿದರು. ಅಕ್ಷರ ಕಲಿಸಿದ ಕಲಾಜಾಥಾವೇ ಮೀನನ್ನೂ ಕಲಿಸಿತು.

ಆದರೆ ಈ ಮೀನು ಹೊರದೇಶದ್ದು. ಗ್ಯಾಂಬೂಸಿಯಾ ಅಂತೂ ಕಪ್ಪೆಮರಿ, ನಮ್ಮ ಮೀನಿನ ತತ್ತಿ ಎಲ್ಲ ತಿನ್ನುತ್ತದೆ. ಅದಕ್ಕೆ ಇವನ್ನು ಮಲಪ್ರಭೆಗೆ, ಕಾಲುವೆಗೆ, ಊರಕೆರೆಗೆ ಬಿಡಬೇಡಿ. ಬಾವಿ, ಬಾನಿಯಲ್ಲೇ ಇರಲಿ. ಎಲ್ಲಿ ಸಿಗುತ್ತದೆ ಅಂತ ಆರೋಗ್ಯ ಕೇಂದ್ರದಲ್ಲಿ, ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ.

ಮಲಗುವಾಗ ಸೊಳ್ಳೆಪರದೆ ಕಟ್ಟಿ. ಹಗಲು ಮಲಗುವ ಕೂಸಿಗೂ ಕಟ್ಟಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಕಾಯಿಲ್ ಉರಿಸಬೇಡಿ, ಬೇವಿನ ಸೊಪ್ಪಿನ ಹೊಗೆಯೂ ಕೂಸಿನ ಎದೆಗೆ ಒಳ್ಳೆಯದಲ್ಲ. ಹೊಲಕ್ಕೆ ಹೊಡೆಯುವ ಎಣ್ಣಿಯನ್ನು ಮನೆಯಲ್ಲಿ ಸೊಳ್ಳೆಗೆ ಎಂದೂ ಹೊಡೆಯಬೇಡಿ. ಅದರ ಖಾಲಿ ಡಬ್ಬಿಯಲ್ಲಿ ನೀರು, ಕಾಳು ಇಡಬೇಡಿ, ಎಷ್ಟು ತೊಳೆದರೂ.

ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಕೆಂಪು ಅಂದರೆ ಅತಿ ಘೋರ ವಿಷ. ಆಮೇಲೆ ಹಳದಿ. ಆಮೇಲೆ ನೀಲಿ. ಹಸಿರು ಎಲ್ಲಕ್ಕಿಂತ ಕಡಿಮೆ. ಕಡಿಮೆ ಅಂದರೂ ವಿಷವೇ. ಈಗ ನಿಮಗೆ ಓದು ಬಂದಿದೆ. ಮಷೀನಿನವರು ಬಂದಾಗ "ಡಬ್ಬಿ ತೋರಸ್ರಿ" ಅನ್ನಿ. ಓದಿ ನೋಡಿ.

2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಸಾರಿತು. ಮನೆಯಲ್ಲಿ ಸೊಳ್ಳೆ ಹುಟ್ಟಲು ಬಿಟ್ಟರೆ ಹಳ್ಳಿಯಲ್ಲಿ 200 ರೂಪಾಯಿ, ಪಟ್ಟಣದಲ್ಲಿ 400 ರೂಪಾಯಿ ದಂಡ ಅಂತ ನಿಯಮ ಮಾಡಿತು. ನಮಗೆ ನಿಯಮ ಇದ್ದರೆ ಪಂಚಾಯತಿಗೂ ಕೆಲಸ ಇದೆ. ಒಂದು ಅರ್ಜಿ ಬರೆಯೋಣ. ನಾಲ್ಕು ಸಾಲು ಸಾಕು. ಹೀಗೆ:

"ಗ್ರಾಮ ಪಂಚಾಯತಿಯವರಿಗೆ ನಮಸ್ಕಾರ. ನಮ್ಮ ಓಣಿಯ ಗಟಾರದ ನೀರು ನಿಂತಿದೆ, ಹರಿಯುವಂತೆ ಮಾಡಿರಿ. ಹೊಗೆ ಹೊಡೆಯುವ ಹಿಂದಿನ ದಿನ ಡಂಗುರ ಸಾರಿಸಿರಿ, ನೀರು, ಅಡಿಗೆ, ಜೇನುಪೆಟ್ಟಿಗೆ ಮುಚ್ಚಿಕೊಳ್ಳುತ್ತೇವೆ. ಹೂ ಬಿಟ್ಟ ಹೊಲದ ಕಡೆ, ಬಾವಿ ಕೆರೆಯ ಕಡೆ ಹೊಗೆ ಬಿಡಬೇಡಿರಿ."

ಕೆಳಗೆ ಎಲ್ಲರೂ ಸಹಿ ಮಾಡಿ. ಹೆಬ್ಬೆಟ್ಟು ಬ್ಯಾಡ, ಸಹಿ.

ಈಗ ಬ್ಯಾಟರಿ ತಂದವರು ಮುಂದೆ ಬರ್ರಿ. ಶಾಲೆಯ ಹಿಂದಿನ ಟಾಕಿ ನೋಡೋಣ. ಬೆಳಕು ಬಿಟ್ಟ ಕೂಡಲೇ ಸೊಳ್ಳೆಮರಿ ಕೊಂಕುತ್ತಾ ತಳಕ್ಕೆ ಇಳಿಯುತ್ತದೆ. ಅವಸರ ಮಾಡಬೇಡಿ, ಸ್ವಲ್ಪ ಹೊತ್ತು ನಿಲ್ಲಿ. ಉಸಿರಿಗೆ ಅದು ಮೇಲೆ ಬರಲೇಬೇಕು. ಸಿಕ್ಕರೆ ಆ ನೀರನ್ನು ಗಟಾರಕ್ಕೆ ಚೆಲ್ಲಬೇಡಿ, ಅಲ್ಲಿ ಮತ್ತೆ ಬದುಕೀತು. ಅಗೋ ಅಲ್ಲಿ, ಒಣ ಮಣ್ಣಿನ ಮೇಲೆ ಚೆಲ್ಲಿ.